ಖಾಲಿ ಡಬ್ಬಿ ಮತ್ತು ರಾಷ್ಟ್ರ ಭದ್ರತೆ

ಕಳೆದ ಭಾನುವಾರ ಬೆಳಿಗ್ಗೆ ನಾನು ಸ್ಟೂಲಿನ ಮೇಲೆ ಹತ್ತಿ, ಅಟ್ಟದೊಳಗೆ ಕೈ ಹಾಕಿ, ಲಾಠಿಯೊಂದನ್ನು ಹುಡುಕುತ್ತಿದ್ದೆ. ಅರವತ್ತು ದಾಟಿದ, ಎರಡು ಮಹಡಿ ಏರಬೇಕಾದರೆ ಮೂರು ಸಲ ನಿಲ್ಲುವ ನಿವೃತ್ತ ಗುಮಾಸ್ತನಿಗೆ ಲಾಠಿಯಿಂದ ಏನಾಗಬೇಕು ಎಂದು ನೀವು ಕೇಳುವುದು ಸಹಜ. ನನ್ನ ಹೆಂಡತಿಯೂ ಅದನ್ನೇ ಕೇಳಿದಳು. ವಿಷಯ ಇಷ್ಟು: ಗೋವಾದ ವಾಸ್ಕೋದ ನಮ್ಮ ಈ ಕಟ್ಟಡದಲ್ಲಿ ಕೆಳಗಿನ ಫ್ಲ್ಯಾಟಿನ ಕಾಮತರು ತಾರಸಿಯ ಬಾಗಿಲಿಗೆ ತಮ್ಮ ಸ್ವಂತ ಬೀಗ ಜಡಿದಿದ್ದರು. ನಮ್ಮ ಹಪ್ಪಳ ಸಂಡಿಗೆಗಳಿಗೆ ಸಲ್ಲಬೇಕಾದ ಬಿಸಿಲು ಹೀಗೆ ಪರರ ವಶವಾಗಿ ಎಂಟು ದಿನಗಳಾಗಿದ್ದವು. ನಾನು ಸೊಸೈಟಿಗೆ ಖಾರವಾದ ಪತ್ರ ಬರೆದೆ. ಮೆಟ್ಟಿಲ ಮೇಲೆ ಕಾಮತರು ಎದುರಾದಾಗ ಮುಖ ತಿರುಗಿಸಿದೆ. ಅವರೂ ತಿರುಗಿಸಿದರು, ನನಗಿಂತ ಚೆನ್ನಾಗಿ. ಇನ್ನು ಉಳಿದದ್ದು ಲಾಠಿ. ಯಾರನ್ನೂ ಹೊಡೆಯುವ ಉದ್ದೇಶ ನನಗಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ಕಾಮತರ ಬಾಗಿಲ ಮುಂದೆ ಒಂದೆರಡು ಸಲ ಓಡಾಡುವುದು, ಅಷ್ಟೇ.

ಲಾಠಿಯ ತುದಿ ಸಿಕ್ಕಿತು, ಎಳೆದೆ. ಅದರ ಹಿಂದೆ ಅಡಗಿದ್ದ ದೊಡ್ಡ ಸ್ಟೀಲ್ ಡಬ್ಬಿಯೊಂದು ನೇರವಾಗಿ ಬಂದು ನನ್ನ ತಲೆಯ ಮೇಲೆ ಬಿತ್ತು. ಅಲ್ಲಿಂದ ನೆಲಕ್ಕೆ ಬಿದ್ದು, ಮುಚ್ಚಳ ಕಳಚಿಕೊಂಡು, ಅಡಿಗೆಮನೆಯವರೆಗೂ ಉರುಳಿತು. ಡಬ್ಬಿಗೆ ಏನೂ ಆಗಲಿಲ್ಲ. ನನ್ನ ತಲೆಯ ಮೇಲೆ ಮಾತ್ರ ನಿಂಬೆಹಣ್ಣಿನಷ್ಟು ಬುಗುಟು ಎದ್ದಿತು. ತಲೆ ಹಿಡಿದುಕೊಂಡು ನೆಲದ ಮೇಲೆ ಕೂತವನಿಗೆ ತೆರೆದ ಡಬ್ಬಿಯಿಂದ ಮಾವಿನಕಾಯಿ ಉಪ್ಪಿನಕಾಯಿಯ ವಾಸನೆ ಬಂದಂತಾಯಿತು. ಹೆಂಡತಿ ಮೂಸಿ ನೋಡಿ, ಎಂಥದೂ ಇಲ್ಲ, ಪೆಟ್ಟಿನ ಭ್ರಮೆ ಎಂದಳು. ಇರಬಹುದು. ಆದರೆ ಆ ಡಬ್ಬಿಯ ವಿಷಯದಲ್ಲಿ ನನ್ನ ಮೂಗನ್ನು ನಾನು ಸುಲಭವಾಗಿ ಅನುಮಾನಿಸಲಾರೆ. ಒಂದು ಕಾಲಕ್ಕೆ ಹನ್ನೊಂದು ಮನೆಗಳ ನೆಮ್ಮದಿ ಆ ಡಬ್ಬಿಯೊಳಗೆ ಇತ್ತು. ಅದನ್ನು ಕೆಡಿಸಿದವನು ನಾನೇ.

ಎಂಬತ್ತರ ದಶಕದ ನಡುವಿನ ಮಾತು. ಬಾದಾಮಿ ಕಡೆಯ ನಮ್ಮೂರಿನಿಂದ ಒಂದು ಬಿ.ಎ. ಪದವಿ ಕಟ್ಟಿಕೊಂಡು ಬಂದು, ಇದೇ ವಾಸ್ಕೋದ ಮಂಗೋರ್ ಹಿಲ್ಲಿನಲ್ಲಿ ನನ್ನ ಸೋದರಮಾವ ಭೀಮಪ್ಪನ ಮನೆಯಲ್ಲಿ ಬೀಡುಬಿಟ್ಟಿದ್ದೆ. ಹಗಲು ಬಂದರಿನಲ್ಲಿ ಹಡಗಿಗೆ ಏರುವ ಮಾಲಿನ ಲೆಕ್ಕ ಗೀಚುವ ಕೆಲಸ, ಸಂಜೆ ದೊಡ್ಡ ಸರ್ಕಾರಿ ಪರೀಕ್ಷೆಯೊಂದಕ್ಕೆ ಓದು. ಮಾಮಾ ಸೈನ್ಯದಲ್ಲಿ ಹದಿನೈದು ವರ್ಷ ಇದ್ದು ಬಂದವನು; ಈಗ ಒಂದು ಗೋದಾಮಿನ ಕಾವಲುಗಾರ. ಮಾಮಿ ಆ ಬೇಸಿಗೆಯಲ್ಲಿ ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿದ್ದಳು. ಹೀಗಾಗಿ ಮನೆಯಲ್ಲಿ ನಾವಿಬ್ಬರೇ ಗಂಡಸರು. ಮನೆ ಹೇಗಿತ್ತೆಂದು ವರ್ಣಿಸಿ ನಿಮ್ಮ ಊಟದ ರುಚಿ ಕೆಡಿಸಲಾರೆ.

ಗಡಿಯಲ್ಲಿ ಏನು ಕೆಲಸ ಮಾಡುತ್ತಿದ್ದೆ ಎಂದು ಯಾರಾದರೂ ಕೇಳಿದರೆ ಮಾಮಾ ಮೀಸೆಯ ಮೇಲೆ ಕೈಯಾಡಿಸಿ, ಅದನ್ನೆಲ್ಲ ಹೇಳಲು ಬರುವುದಿಲ್ಲ ಎನ್ನುತ್ತಿದ್ದ. ಕೇಳಿದವರು ಗಾಬರಿಯಿಂದ ಸುಮ್ಮನಾಗುತ್ತಿದ್ದರು. ರಾಷ್ಟ್ರ ಭದ್ರತೆಯ ಬಗ್ಗೆ ಅವನಿಗೆ ಖಚಿತವಾದ ಅಭಿಪ್ರಾಯಗಳಿದ್ದವು, ಅವೆಲ್ಲವೂ ಲಾಠಿಯಿಂದ ಶುರುವಾಗಿ ಲಾಠಿಯಲ್ಲೇ ಮುಗಿಯುತ್ತಿದ್ದವು.

ನನ್ನ ಬಳಿ ಒಂದು ಗೈಡು ಪುಸ್ತಕವಿತ್ತು. ಅದರಲ್ಲಿ ಪರೀಕ್ಷೆಗೆ ಬಂದೇ ಬರುತ್ತದೆಂದು ಪ್ರಕಾಶಕರು ಚುಕ್ಕೆ ಹಾಕಿದ್ದ ಪ್ರಬಂಧ, ರಾಷ್ಟ್ರದ ಭದ್ರತೆಗೆ ಸಮರ್ಥ ರಾಯಭಾರಿ ವರ್ಗದ ಅಗತ್ಯ ಎಂಬುದು. ದೇಶದ ಮೊದಲ ಕಾವಲು ಗಡಿಯಲ್ಲಿಲ್ಲ, ಪರದೇಶದ ಪಡಸಾಲೆಗಳಲ್ಲಿದೆ. ಅಲ್ಲಿ ಕೂತವರು ತಮ್ಮ ಕೆಲಸ ಸರಿಯಾಗಿ ಮಾಡಿದರೆ ಸೈನಿಕನಿಗೆ ಬಂದೂಕು ಎತ್ತುವ ಪ್ರಸಂಗವೇ ಬರುವುದಿಲ್ಲ ಎಂಬ ಧಾಟಿಯ ಎಂಟು ಪುಟಗಳು. ಅದನ್ನು ನಾನು ದಿನವೂ ಗಟ್ಟಿಯಾಗಿ ಓದಿ ಬಾಯಿಪಾಠ ಮಾಡುತ್ತಿದ್ದೆ. ಮಾಮಾನಿಗೆ ಇದು ತಡೆಯಲಾಗದ ಹಿಂಸೆ. ರಾಯಭಾರಿಗಳೆಂದರೆ ಕೋಟು ಹಾಕಿಕೊಂಡು ಪರರ ಮನೆಯಲ್ಲಿ ಚಹಾ ಕುಡಿಯುವವರು, ಅಂಥವರಿಂದ ದೇಶ ಉಳಿಯುವುದಾದರೆ ನಾವೆಲ್ಲ ಹಿಮದಲ್ಲಿ ಯಾಕೆ ನಡುಗಬೇಕಿತ್ತು ಎಂದು ಅವನ ವಾದ.

ಪಕ್ಕದ ಮನೆಯ ಹುಸೇನಬಿ ಚಾಚಿ ಒಂದು ದಿನ ನನ್ನ ಗದ್ದಲ ಕೇಳಲಾರದೆ ಬಾಗಿಲಿಗೆ ಬಂದು, ಏನು ಓದುತ್ತಿದ್ದೀ ಎಂದು ವಿಚಾರಿಸಿದಳು. ಚಾಚಿಗೆ ಐವತ್ತರ ಆಸುಪಾಸು; ಅವಳ ಗಂಡ ಲಾರಿ ಓಡಿಸುತ್ತಿದ್ದ, ಅವಳು ನಾಲ್ಕಾರು ಮನೆಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ನಾನು ನನ್ನ ವಿದ್ವತ್ತನ್ನು ಆದಷ್ಟು ಕೆಳಗಿಳಿಸಿ, ಬೇರೆ ದೇಶಕ್ಕೆ ಹೋಗಿ ಅಲ್ಲಿಯವರ ಜೊತೆ ಕೂತು ಮಾತಾಡಿ, ಜಗಳ ಹತ್ತದಂತೆ ನೋಡಿಕೊಳ್ಳುವ ಜನರ ಬಗ್ಗೆ ಓದುತ್ತಿದ್ದೇನೆ ಎಂದು ತಿಳಿಸಿದೆ.

ಚಾಚಿ ನನ್ನ ಗೈಡನ್ನೊಮ್ಮೆ ನೋಡಿ, “ಅದಕ್ಕೂ ಪರೀಕ್ಷಾ ಐತೇನು?” ಎಂದಳು.

ಈಗ ನಮ್ಮ ಓಣಿಯ ಭೂಗೋಳವನ್ನು ಸ್ವಲ್ಪ ಹೇಳಬೇಕು. ಗುಡ್ಡದ ಇಳಿಜಾರಿನಲ್ಲಿ ಹನ್ನೊಂದು ಮನೆ, ಎಲ್ಲರೂ ನಮ್ಮ ಕಡೆಯವರೇ. ಓಣಿಯ ನಳದಲ್ಲಿ ನೀರು ದಿನ ಬಿಟ್ಟು ದಿನ, ಅದೂ ಒಂದು ತಾಸು. ಮೇ ತಿಂಗಳಲ್ಲಿ ಅದೂ ಇಲ್ಲ. ಓಣಿಯ ಕೆಳಗೆ ಎಸ್ಪೆರಾನ್ಸ್ ಬಾಯಿಯ ಹಳೆಯ ಹೆಂಚಿನ ಮನೆ, ಸುತ್ತ ಅಂಗಳ, ಅಂಗಳದಲ್ಲಿ ಎಂದೂ ಬತ್ತದ ಬಾವಿ. ಬಾಯಿ ಮಕ್ಕಳಿಲ್ಲದ ವಿಧವೆ, ಚಾಚಿಗಿಂತ ಹತ್ತು ವರ್ಷ ದೊಡ್ಡವಳು. ಆ ಅಂಗಳದ ಕಬ್ಬಿಣದ ಗೇಟು ದಾಟಿದರೆ ಬಾವಿ, ಬಾವಿ ದಾಟಿದರೆ ನೇರ ರಸ್ತೆ. ಗೇಟು ಮುಚ್ಚಿದರೆ ಓಣಿಗೆ ನೀರಿಲ್ಲ. ಕೆಲಸಕ್ಕೆ ಹೋಗುವವರು ಗುಡ್ಡ ಸುತ್ತಿ ಇಳಿಯಬೇಕು. ಕಾಗದ ಪತ್ರದ ಪ್ರಕಾರ ನಮಗೆ ಆ ದಾರಿಯ ಮೇಲೂ ಹಕ್ಕಿಲ್ಲ, ನೀರಿನ ಮೇಲೂ ಇಲ್ಲ. ಬಾಯಿಯ ಅಳಿಯ ಪೆದ್ರು, ಅಂದರೆ ಅವಳ ಅಣ್ಣನ ಮಗ, ಮಡಗಾಂವ್‌ನಿಂದ ಬಂದಾಗಲೆಲ್ಲ ಇದನ್ನೇ ಹೇಳುತ್ತಿದ್ದ. ಘಟ್ಟದ ಮೇಲಿನಿಂದ ಬಂದ ಈ ಘಾಟಿ ಜನ ಇವತ್ತು ನಡೆದಾಡುತ್ತಾರೆ, ನಾಳೆ ದಾರಿ ನಮ್ಮದೇ ಅನ್ನುತ್ತಾರೆ, ಅಡ್ಡ ಗೋಡೆ ಕಟ್ಟಿಬಿಡೋಣ ಎಂದು. ಅವನ ಭಯ ಸುಳ್ಳೆಂದು ಹೇಳಲಾರೆ. ಒಬ್ಬಂಟಿ ಅತ್ತೆಯ ಆಸ್ತಿ, ನಾಲ್ಕು ದಿಕ್ಕಿನಿಂದ ಬಂದ ಜನ. ಅವನ ಜಾಗದಲ್ಲಿ ನಾನಿದ್ದರೆ ಗೋಡೆಯ ಮೇಲೆ ಗಾಜಿನ ಚೂರನ್ನೂ ನೆಡಿಸುತ್ತಿದ್ದೆ.

ಆದರೂ ಗೇಟು ಎಂದೂ ಮುಚ್ಚಿರಲಿಲ್ಲ. ಅದಕ್ಕೆ ಕಾರಣ ಚಾಚಿ ಮತ್ತು ಆ ಸ್ಟೀಲ್ ಡಬ್ಬಿ.

ಆ ಡಬ್ಬಿ ಮೊದಲು ಯಾರ ಮನೆಯದಾಗಿತ್ತೆಂದು ಇಬ್ಬರಿಗೂ ನೆನಪಿರಲಿಲ್ಲ. ಅದರ ಮೇಲೆ ಕೊರೆದ ಹೆಸರು ತಿಕ್ಕಿ ತಿಕ್ಕಿ ಅಳಿಸಿಹೋಗಿತ್ತು. ಅದು ಹತ್ತು ವರ್ಷಗಳಿಂದ ಗುಡ್ಡ ಹತ್ತುತ್ತ ಇಳಿಯುತ್ತ ಇತ್ತು. ಮೇಲಿನಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ರಂಜಾನಿಗೆ ಸುರಕುಂಬಾ. ಪಂಚಮಿಗೆ ನಮ್ಮ ಮಾಮಿಯ ಉಂಡಿಗಳೂ ಅದೇ ಡಬ್ಬಿಯಲ್ಲೇ ಹೋಗುತ್ತಿದ್ದವು. ಯಾರ ಮನೆಯಲ್ಲಿ ವಿಶೇಷವಿದೆಯೋ ಅವರು ತುಂಬಿಸಬೇಕು, ಒಯ್ಯುವವಳು ಮಾತ್ರ ಚಾಚಿ. ಕೆಳಗಿನಿಂದ ತೆಂಗಿನಕಾಯಿ, ಕ್ರಿಸ್ಮಸ್ಸಿಗೆ ಕಡಲೆಬೇಳೆಯ ಮಿಠಾಯಿ, ಮೇ ತಿಂಗಳಲ್ಲಿ ಮಾವಿನಕಾಯಿಯ ಮಿಸ್ಕುಟ ಉಪ್ಪಿನಕಾಯಿ. ಬಾಯಿಗೆ ಹಲ್ಲಿಲ್ಲ, ಖಡಕ್ ರೊಟ್ಟಿ ಅವಳು ತಿನ್ನಲಾರಳು. ಆದರೂ ಪ್ರತಿ ಸಲ ಬಹಳ ಚೆನ್ನಾಗಿತ್ತು ಎನ್ನುತ್ತಿದ್ದಳು. ಇದನ್ನು ಬಲ್ಲ ಚಾಚಿ ಪ್ರತಿ ಸಲ ಸಂತೋಷಪಡುತ್ತಿದ್ದಳು. ಗೇಟಿನ ಮಾತಾಗಲೀ ಬಾವಿಯ ಮಾತಾಗಲೀ ಇಬ್ಬರ ನಡುವೆ ಎಂದೂ ಬರುತ್ತಿರಲಿಲ್ಲ. ಇಂಥದೊಂದು ದೊಡ್ಡ ವ್ಯವಸ್ಥೆ ನನ್ನ ಕಣ್ಣೆದುರೇ ನಡೆಯುತ್ತಿತ್ತು, ನಾನು ಗೈಡು ಓದುತ್ತಿದ್ದೆ.

ಆ ಮೇ ತಿಂಗಳ ಒಂದು ಬೆಳಿಗ್ಗೆ ಊರಿನಿಂದ ಸುದ್ದಿ ಬಂತು, ಚಾಚಿಯ ತಂಗಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಚಾಚಿ ಗಡಿಬಿಡಿಯಲ್ಲಿ ಬಟ್ಟೆ ಗಂಟು ಕಟ್ಟಿ ಬಸ್ಸಿಗೆ ಹೊರಟಳು. ಹೋಗುವಾಗ ನನ್ನ ಬಾಗಿಲಲ್ಲಿ ನಿಂತು ಎರಡು ಮಾತು ಹೇಳಿದಳು.

“ಬೇಟಾ, ನಾ ಊರಿಗೆ ಹೋಗೇನಂತ ಬಾಯಿಗೆ ಹೇಳು. ಮತ್ತ ಉಪ್ಪಿನಕಾಯಿ ಡಬ್ಬಿ ನಿಮ್ಮ ಮನ್ಯಾಗ ಐತಿ, ಅದನ್ನ ಮುಟ್ಟಿಸು.”

ನಾನು ಪುಸ್ತಕದಿಂದ ತಲೆಯೆತ್ತದೆ ಹೂಂ ಎಂದೆ. ಹೀಗೆ ನಾನು ನಮ್ಮ ಓಣಿಯ ಹಂಗಾಮಿ ರಾಯಭಾರಿಯಾಗಿ ನೇಮಕಗೊಂಡೆ.

ಬಾಯಿ ಕಳಿಸಿದ್ದ ಆ ಉಪ್ಪಿನಕಾಯಿಯನ್ನು, ಮಾಮಿಯಿಲ್ಲದ ಮನೆಗೆಂದು, ಚಾಚಿ ಡಬ್ಬಿಸಮೇತ ನಮಗೆ ಕೊಟ್ಟಿದ್ದಳು. ಅದನ್ನು ನಾನೂ ಮಾಮಾನೂ ನಾಲ್ಕೇ ದಿನದಲ್ಲಿ ಮುಗಿಸಿದೆವು. ಡಬ್ಬಿಯನ್ನು ನಾನು ಹುಣಸೆಹಣ್ಣು, ಬೂದಿ ಎರಡನ್ನೂ ಹಾಕಿ ಉಜ್ಜಿದೆ, ಬಿಸಿಲಿಗಿಟ್ಟೆ, ಒಣ ಬಟ್ಟೆಯಿಂದ ಒರೆಸಿದೆ. ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ನಾನು ಪಾತ್ರೆ ತೊಳೆದದ್ದು ಅದೇ ಮೊದಲು. ಮುಖ ನೋಡಿಕೊಂಡು ಕ್ರಾಪು ತೆಗೆಯುವಷ್ಟು ಹೊಳೆಯುತ್ತಿತ್ತು. ಮಧ್ಯಾಹ್ನ ಅದನ್ನು ಒಯ್ದೆ. ಬಾಯಿ ವರಾಂಡದ ಆರಾಮ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಳು. ಎಬ್ಬಿಸುವುದು ಸಭ್ಯತೆಯಲ್ಲ ಎಂದುಕೊಂಡು ಡಬ್ಬಿಯನ್ನು ಅವಳ ಕಾಲ ಬಳಿ ಇಟ್ಟು, ಸದ್ದಿಲ್ಲದೆ ಬಂದು, ಪ್ರಬಂಧದ ಐದನೇ ಪುಟ ತೆರೆದೆ.

ಕನ್ನಡದ ಓದುಗರಾದ ನೀವು ಈಗಾಗಲೇ ತಲೆ ಚಚ್ಚಿಕೊಂಡಿರುತ್ತೀರಿ. ನೆರೆಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ, ಎರಡು ವೀಳ್ಯದೆಲೆ. ಅದಕ್ಕೇ ಚಾಚಿ ತುಂಬಿಸಿ ಕೊಡು ಎಂದಿರಲಿಲ್ಲ, ಮುಟ್ಟಿಸು ಎಂದಿದ್ದಳು. ಉಸಿರಾಡು ಎಂದು ಯಾರಾದರೂ ಹೇಳಿಹೋಗುತ್ತಾರೆಯೇ?

ಮೂರನೆಯ ದಿನ ಬೆಳಿಗ್ಗೆ ಗೇಟಿಗೆ ತೆಂಗಿನಕಾಯಿ ಗಾತ್ರದ ಬೀಗ ಬಿದ್ದಿತ್ತು. ನೀರಿಗೆ ಹೋದ ಹೆಂಗಸರು ಬರಿಗೊಡದೊಂದಿಗೆ ವಾಪಸು ಬಂದರು. ಯಾರಿಗೂ ಕಾರಣ ತಿಳಿಯಲಿಲ್ಲ. ಬಾಯಿ ವರಾಂಡದಲ್ಲಿ ಕೂತಿದ್ದಳು, ಕರೆದರೆ ತಿರುಗಿ ನೋಡಲಿಲ್ಲ. ಅದೇ ದಿನ ಸಂಜೆ ಪೆದ್ರು ಬಂದ. ಮರುದಿನ ಒಂದು ಲಾರಿ ಬಂದು ಗೇಟಿನ ಮುಂದೆ ಕೆಂಪು ಚಿರೇಕಲ್ಲುಗಳ ರಾಶಿ ಸುರಿದು ಹೋಯಿತು. ಭಾನುವಾರ ಗೌಂಡಿಗಳು ಬರುತ್ತಾರೆ, ಗೇಟು ಕಿತ್ತು ಗೋಡೆ ಏಳುತ್ತದೆ ಎಂದು ಪೆದ್ರು ಎಲ್ಲರಿಗೂ ಕೇಳುವಂತೆ ಹೇಳಿದ. ಚಾಚಿ ಹೋಗಿ ಒಂದು ವಾರವಾಗಿತ್ತು, ಅಷ್ಟೇ.

ಭೀಮಪ್ಪ ಮಾಮಾ ಹದಿನೈದು ವರ್ಷ ಕಾದಿದ್ದ ಗಳಿಗೆ ಬಂತು. ಓಣಿಯ ನಳದ ಕಟ್ಟೆಯ ಮೇಲೆ ಅವನು ಸಭೆ ಕರೆದ. ಮನೆಗೊಬ್ಬ ಗಂಡಸು, ಗಂಡಸಿಗೊಂದು ಬಡಿಗೆ. ಭಾನುವಾರ ಬೆಳಿಗ್ಗೆ ಆರಕ್ಕೆ, ಗೌಂಡಿಗಳು ಬರುವ ಮೊದಲೇ, ಹಾರೆಯಿಂದ ಬೀಗ ಒಡೆದು ಬಾವಿಯನ್ನು ವಶಕ್ಕೆ ತೆಗೆದುಕೊಳ್ಳುವುದೆಂದು ತೀರ್ಮಾನವಾಯಿತು. ನಾನು, ಸಭೆಯಲ್ಲಿದ್ದ ಏಕೈಕ ಪದವೀಧರ, ಸೀಮೆಸುಣ್ಣದಿಂದ ನೆಲದ ಮೇಲೆ ಬಾಯಿಯ ಅಂಗಳದ ನಕ್ಷೆ ಬರೆದುಕೊಟ್ಟೆ. ಬಾಣದ ಗುರುತುಗಳನ್ನೂ ಹಾಕಿದೆ. ಬಾಯಿಗೆ ಯಾಕೆ ಸಿಟ್ಟು ಬಂತು ಎಂದು ಯಾರೊಬ್ಬರೂ ಕೇಳಲಿಲ್ಲ. ಅವಳು ಮೊದಲಿನಿಂದಲೂ ಹಾಗೇ ಎಂದು ಒಬ್ಬ, ಇವರ ಜಾತಿಯೇ ಹಾಗೆ ಎಂದು ಇನ್ನೊಬ್ಬ. ಹತ್ತು ವರ್ಷ ಅವಳ ನೀರು ಕುಡಿದವರು ನಾವು. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ, ಆಗ ನಾನು ಬಾಣಗಳನ್ನು ದಪ್ಪ ಮಾಡುತ್ತಿದ್ದೆ.

ಬೀಗ ಒಡೆದಿದ್ದರೆ ಏನಾಗುತ್ತಿತ್ತು ಎಂಬುದು ಪೆದ್ರುವಿಗೆ ಗೊತ್ತಿತ್ತು. ಪೊಲೀಸರು ಬರುತ್ತಿದ್ದರು, ಗೋಡೆ ಎಂದೆಂದಿಗೂ ನಿಲ್ಲುತ್ತಿತ್ತು, ಹನ್ನೊಂದು ಮನೆಗಳು ಒಂದೊಂದಾಗಿ ಗಂಟು ಕಟ್ಟಬೇಕಾಗುತ್ತಿತ್ತು. ಅವನು ಕಾಯುತ್ತಿದ್ದುದೇ ಅದಕ್ಕೆ.

ಶನಿವಾರ ಮಧ್ಯಾಹ್ನ ಚಾಚಿ ಗಂಡನ ಲಾರಿಯಲ್ಲಿ ಕೂತು ಬಂದಿಳಿದಳು. ಖಾಲಿ ಕೊಡಗಳ ಸಾಲು ನೋಡಿದಳು, ಬೀಗ ನೋಡಿದಳು, ಕಲ್ಲಿನ ರಾಶಿ ನೋಡಿದಳು. ನಾವೆಲ್ಲ ಸುತ್ತ ನೆರೆದು ಬಾಯಿಯ ದುಷ್ಟತನವನ್ನು ಬಣ್ಣಿಸತೊಡಗಿದೆವು. ಚಾಚಿ ಯಾರ ಮಾತನ್ನೂ ಕೇಳದೆ ನನ್ನನ್ನು ಹತ್ತಿರ ಕರೆದಳು.

“ಡಬ್ಬಿ ಮುಟ್ಟಿಸಿದ್ಯಾ?”

“ಮುಟ್ಟಿಸೇನಿ ಚಾಚಿ. ಹುಣಸಿಹಣ್ಣು ಹಾಕಿ ಲಕಲಕ ತೊಳದು ಕೊಟ್ಟೇನಿ.”

“ಒಳಗೇನ ಹಾಕಿದ್ದಿ?”

“ಒಳಗ ಏನಿಲ್ಲ. ಸ್ವಚ್ಛ ಇತ್ತು.”

“ನಾ ಊರಿಗೆ ಹೋದದ್ದು ಹೇಳಿದ್ಯಾ?”

ನಾನು ಬಾಯಿ ಮಲಗಿದ್ದ ವಿಷಯ ತಿಳಿಸಿದೆ. ಚಾಚಿ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಬೈಯಲಿಲ್ಲ. ನನ್ನ ಕೈಯಲ್ಲಿದ್ದ ಗೈಡನ್ನು ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ, ಮತ್ತೆ ನನ್ನ ಕೈಗೇ ಇಟ್ಟಳು. ಸುತ್ತ ನಿಂತ ಹೆಂಗಸರಲ್ಲಿ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಆಗ ನನಗೆ ಅರ್ಥವಾಯಿತು.

ಚಾಚಿ ಎದ್ದವಳೇ ಮಾಮಾನ ಮುಂದೆ ಹೋಗಿ ನಿಂತಳು. ಮಾಮಾ ಲಾಠಿಗೆ ಎಣ್ಣೆ ಹಚ್ಚುತ್ತಿದ್ದ.

“ಭೀಮಣ್ಣಾರ, ಆ ಲಾಠಿ ಬಾಜೂಕ ಇಡ್ರಿ. ನೀವು ಫೌಜಿನ್ಯಾಗ ಇನ್ನೂರು ಮಂದಿಗೆ ಗೋಧಿ ಹುಗ್ಗಿ ಮಾಡಿ ಹಾಕ್ತಿದ್ರಂತ, ನಿಮ್ಮ ಹೇಣ್ತಿ ಹೇಳ್ಯಾಳ. ಬಾಯಿಗೆ ಹಲ್ಲಿಲ್ಲ. ಹುಗ್ಗಿ ಆಕೀಗೆ ನಡೀತೈತಿ.”

ಹದಿನೈದು ವರ್ಷಗಳ ಸೈನಿಕ ರಹಸ್ಯ ಹೀಗೆ ಒಂದೇ ಮಾತಿನಲ್ಲಿ ಬಯಲಾಗಿತ್ತು. ಮಾಮಾನ ಮೀಸೆ ಒಂದು ಕ್ಷಣ ಜೋತುಬಿದ್ದಂತೆ ಕಂಡಿತು. ನಂತರ ಅವನು ಲಾಠಿಯನ್ನು ಗೋಡೆಗೆ ಆನಿಸಿ, ಗಂಟಲು ಸರಿಪಡಿಸಿಕೊಂಡು, ಗೋಧಿ ಕುಟ್ಟಿದ್ದಿದೆಯೋ ಕುಟ್ಟಬೇಕೋ ಎಂದು ಕೇಳಿದ. ಒಬ್ಬರ ಮನೆಯಿಂದ ಗೋಧಿ, ಒಬ್ಬರ ಮನೆಯಿಂದ ಬೆಲ್ಲ, ಒಬ್ಬರ ಮನೆಯಿಂದ ಗಸಗಸೆ ಬಂದವು. ನೀರಿಗೆ ಮಾತ್ರ ಎಲ್ಲರೂ ತಳದಲ್ಲಿ ಉಳಿಸಿಕೊಂಡಿದ್ದ ಒಂದೊಂದು ತಂಬಿಗೆ ಸುರಿಯಬೇಕಾಯಿತು. ಮಾಮಾ ಸೌಟು ಹಿಡಿದು ನಿಂತ. ನಿಜ ಹೇಳಬೇಕೆಂದರೆ ಲಾಠಿ ಹಿಡಿದಾಗ ಅವನಿಗೆ ಅಂಥ ಗಾಂಭೀರ್ಯ ಎಂದೂ ಬಂದಿರಲಿಲ್ಲ. ಆ ಹುಗ್ಗಿಯ ಪರಿಮಳ ಗುಡ್ಡ ಇಳಿದು ನಮಗಿಂತ ಮೊದಲೇ ಬಾಯಿಯ ವರಾಂಡ ತಲುಪಿರಬೇಕು.

ನಾಲ್ಕು ಗಂಟೆಗೆ ಚಾಚಿ ಕೆಳಗಿಳಿದಳು. ಹಿಂದೆ ನಾನು, ಕೈಯಲ್ಲಿ ಹುಗ್ಗಿ ತುಂಬಿದ ದಪ್ಪ ಹಿತ್ತಾಳೆ ಡಬ್ಬಿ. ಅದು ಚಾಚಿಯ ಮನೆಯಲ್ಲೇ ಎಲ್ಲಕ್ಕಿಂತ ದಪ್ಪನೆಯದು. ಯಾಕೆ ಅದನ್ನೇ ಆರಿಸಿದಳೆಂದು ನಂತರ ತಿಳಿಯಿತು. ಮಾತಿನ ನಡುವೆ ಬಾಯಿ ಹಾಕಕೂಡದೆಂದು ನನಗೆ ಆಜ್ಞೆಯಾಗಿತ್ತು. ಗೇಟಿನ ಒಳಗೆ ಹತ್ತು ಹೆಜ್ಜೆಯ ಮೇಲೆ ಬಾಯಿ, ಪಕ್ಕದಲ್ಲಿ ಪೆದ್ರು. ಚಾಚಿ ಗೇಟು ತೆಗೆಯಿರಿ ಎನ್ನಲಿಲ್ಲ. ಪೆದ್ರುವಿನ ಕಲ್ಲಿನ ರಾಶಿಯ ಮೇಲೆ, ತನಗಾಗಿಯೇ ತರಿಸಿದ ಕುರ್ಚಿ ಎಂಬಂತೆ ಕೂತು, ಮಂಡಿ ನೀವಿಕೊಳ್ಳುತ್ತ, ತನ್ನ ಕೊಂಕಣಿ ಹಿಂದಿ ಕನ್ನಡ ಬೆರೆಸಿದ ಭಾಷೆಯಲ್ಲಿ ಮಾತು ತೆಗೆದಳು.

“ಬಾಯಿ, ನಿಮ್ಮ ಮೊಣಕಾಲು ಹ್ಯಾಂಗದಾವ?”

ಬಾಯಿ ಮುಖ ತಿರುಗಿಸಿಕೊಂಡಳು. ಚಾಚಿ ತನ್ನ ಮೊಣಕಾಲಿನ ಕಥೆ ಶುರುಮಾಡಿದಳು. ಬಸ್ಸಿನಲ್ಲಿ ಮಡಚಿ ಕೂತು ಬಲಗಾಲು ಹೇಗೆ ಹಿಡಿದುಕೊಂಡಿತು, ತಂಗಿ ಹೇಗೆ ಬಚ್ಚಲಲ್ಲಿ ಜಾರಿದಳು, ಸೊಂಟಕ್ಕೆ ಯಾವ ಎಣ್ಣೆ ಕಾಸಿದರು, ಹೋಗುವ ಬೆಳಿಗ್ಗೆ ಚಪ್ಪಲಿ ಕೂಡ ಮೆಟ್ಟದೆ ಹೇಗೆ ಓಡಿದಳು. ಕಾಲು ಗಂಟೆಯಾಗಿರಬೇಕು, ಬಾಯಿ ಆ ಎಣ್ಣೆಯಲ್ಲಿ ಬೆಳ್ಳುಳ್ಳಿ ಹಾಕಿದ್ದರೋ ಇಲ್ಲವೋ ಎಂದು ಕೇಳಿದಳು. ಅಲ್ಲಿಂದ ಮುಂದೆ ಇಬ್ಬರ ನಾಲ್ಕು ಮೊಣಕಾಲುಗಳ ಬಗ್ಗೆ ಸವಿಸ್ತಾರವಾದ ಚರ್ಚೆ ನಡೆಯಿತು. ಬೀಗದ ಹೆಸರೇ ಬರಲಿಲ್ಲ. ನನ್ನ ಕೈ ಸೋತು ಬೀಳುವಂತಾಗಿತ್ತು.

ಕೊನೆಗೆ ಬಾಯಿಯೇ ಹೇಳಿದಳು. ನೀನು ಹೇಳದೆ ಊರು ಬಿಟ್ಟೆ. ಡಬ್ಬಿ ಖಾಲಿ ಬಂತು, ತೊಳೆದು ಒರೆಸಿ, ಇನ್ನು ನಿನ್ನ ಸಂಗ ಸಾಕು ಎಂಬ ಹಾಗೆ ಕಾಲ ಬಳಿ ಇಟ್ಟು ಹೋದರು. ನನಗೆ ಈ ಗುಡ್ಡದಲ್ಲಿ ಇನ್ನು ಯಾರಿದ್ದಾರೆ, ಗೇಟು ಯಾರಿಗಾಗಿ ತೆರೆದಿಡಲಿ ಎಂದೆನಿಸಿತು. ನನಗೆ ಕಲ್ಲಿನ ರಾಶಿಯೊಳಗೆ ತೂರಿಕೊಳ್ಳಬೇಕೆನಿಸಿತು. ನಾನು ಸ್ವಚ್ಛತೆಯೆಂದು ತಿಳಿದದ್ದು ಅವಳಿಗೆ ತಲುಪಿದ್ದು ಹಾಗೆ.

ಚಾಚಿ ನನ್ನತ್ತ ಕೈ ತೋರಿಸಿದಳು.

“ಇವ ದೊಡ್ಡ ಪರೀಕ್ಷಾಕ್ಕ ಓದಾಕತ್ತಾನ ಬಾಯಿ. ಇವನ ತಲೀನೂ ಹಂಗ ಐತಿ, ತೊಳದು ಒರಿಸಿ ಇಟ್ಟಂಗ. ಇವನ ಮ್ಯಾಲ ಏನ್ ಸಿಟ್ಟಾಗೂದು?”

ದೊಡ್ಡ ಸಂಬಂಧ ಉಳಿಸಲು ಒಬ್ಬ ಸಣ್ಣ ಅಧಿಕಾರಿಯನ್ನು ಬಲಿಕೊಡುವುದು ರಾಜತಂತ್ರದ ಒಂದು ಪಟ್ಟು ಎಂದು ಏಳನೇ ಪುಟದಲ್ಲಿತ್ತು. ಅದು ಇಷ್ಟು ಸುಡುತ್ತದೆಂದು ಬರೆದಿರಲಿಲ್ಲ. ಬಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಬೊಚ್ಚು ಬಾಯಿ ಅಲುಗಿತು, ನಂತರ ಹೊಟ್ಟೆ ಕುಲುಕಿತು, ಕೊನೆಗೆ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಎದ್ದು ಬಂದು ಡಬ್ಬಿಗೆ ಕೈ ಚಾಚಿದಳು. ಗೇಟಿನ ಸರಳುಗಳ ನಡುವೆ ಡಬ್ಬಿ ತೂರಲಿಲ್ಲ. ಓರೆ ಮಾಡಿದರೂ ಇಲ್ಲ. ಚಾಚಿ ಆಕಾಶ ನೋಡುತ್ತ ಕೂತಿದ್ದಳು. ಬಾಯಿ ಸೊಂಟದಿಂದ ಕೀಲಿಕೈ ತೆಗೆದು ಬೀಗ ಬಿಚ್ಚಿ, “ಯೋ, ಬಸ್”, ಬಾ, ಕೂತುಕೋ ಎಂದು ಚಾಚಿಯನ್ನು ಒಳಗೆ ಕರೆದಳು. ಪೆದ್ರು ಏನೋ ಹೇಳಲು ಬಾಯಿ ತೆರೆದ. ಅವನ ಅತ್ತೆ ಅದೇ ಬಾಯಿಗೆ ಒಂದು ಚಮಚ ಹುಗ್ಗಿ ಹಾಕಿದಳು. ಅವನು ನುಂಗಿ ಮುಗಿಸುವ ಹೊತ್ತಿಗೆ ಹೆಂಗಸರು ಕೊಡ ಹಿಡಿದು ಬಾವಿಯ ಹತ್ತಿರವಿದ್ದರು. ಅವನು ಎರಡನೇ ಬಟ್ಟಲು ಕೇಳಿದ್ದನ್ನೂ ನಾನು ಕಂಡೆ.

ಗುಡ್ಡ ಹತ್ತುವಾಗ ನಾನು ತಪ್ಪಾಯಿತು ಎಂದೆ. ಚಾಚಿ ನನ್ನ ಹೆಗಲ ಮೇಲೆ ಭಾರ ಹಾಕಿ ಒಂದೊಂದೇ ಹೆಜ್ಜೆ ಏರುತ್ತಿದ್ದಳು.

“ಬೀಗದ ಮಾತು ಕಡೀಕ ಬೇಟಾ. ಮೊದಲ ಮೊಣಕಾಲು ಕೇಳಬೇಕು” ಎಂದಳು.

ದಾಳಿ ರದ್ದಾದ ಸುದ್ದಿ ಇಬ್ಬರು ಹುಡುಗರಿಗೆ ತಲುಪಿರಲಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ ಅವರು ಹಾರೆ ಹಿಡಿದು ಗೇಟಿನ ಮುಂದೆ ಹಾಜರಾದರು. ಬಾಯಿ ಅವರಿಗೆ ಚಹಾ ಕೊಟ್ಟು, ಆ ಹಾರೆಯಿಂದಲೇ ಗುಡ್ಡದ ದಾರಿಯನ್ನು ಅಗೆಯಲು ಹಚ್ಚಿದಳು. ಹುಸೇನಬಿಯ ಮೊಣಕಾಲಿಗೆ ಈ ಇಳಿಜಾರು ಆಗುವುದಿಲ್ಲವಂತೆ. ಪೆದ್ರುವಿನ ಗೌಂಡಿಗಳು ಬಂದರು. ಗೋಡೆಗೆಂದು ತಂದ ಚಿರೇಕಲ್ಲಿನಿಂದ ಗೇಟಿನಿಂದ ನಮ್ಮ ಓಣಿಯವರೆಗೆ ಮೂವತ್ತೆರಡು ಮೆಟ್ಟಿಲು ಕಟ್ಟಿದರು. ನಾನೂ ಕಲ್ಲು ಹೊತ್ತೆ. ಮಾಮಾ ಮಾತ್ರ, ತನ್ನ ಸೈನ್ಯದ ಜಮಾವಣೆ ಕಂಡೇ ಶತ್ರು ಹೆದರಿದ್ದು ಎಂದು ಕೊನೆಯವರೆಗೂ ಹೇಳುತ್ತಿದ್ದ. ಚಾಚಿ ಒಂದು ದಿನವೂ ಅಲ್ಲವೆನ್ನಲಿಲ್ಲ. ಹೌದ್ರಿ ಭೀಮಣ್ಣಾರ, ನೀವಿದ್ರಿ ಅಂತ ಧೈರ್ಯ ಇತ್ತು ಎಂದು ತಲೆದೂಗುತ್ತಿದ್ದಳು. ಅಂದಿನಿಂದ ಓಣಿಯ ಪ್ರತಿ ಹಬ್ಬಕ್ಕೂ ಹುಗ್ಗಿ ಮಾಮಾನದೇ.

ಪರೀಕ್ಷೆಯಲ್ಲಿ ಆ ಪ್ರಬಂಧ ಬಂತು. ಪ್ರಕಾಶಕರ ಚುಕ್ಕೆ ಸುಳ್ಳಾಗಲಿಲ್ಲ. ಆದರೆ ಬಾಯಿಪಾಠ ಮಾಡಿದ್ದ ಎಂಟು ಪುಟಗಳಲ್ಲಿ ಒಂದು ಸಾಲೂ ನೆನಪಾಗಲಿಲ್ಲ. ಡಬ್ಬಿ, ಹುಗ್ಗಿ, ಮೊಣಕಾಲುಗಳ ಬಗ್ಗೆ ಬರೆದು ಬಂದೆ. ಫೇಲಾದೆ. ಪರೀಕ್ಷಕರಿಗೆ ಬಹುಶಃ ಅಕ್ಕಪಕ್ಕದ ಮನೆಗಳಿರಲಿಲ್ಲ. ಬಂದರಿನ ಗುಮಾಸ್ತನಾಗಿಯೇ ನಿವೃತ್ತನಾದೆ, ದೇಶದ ವಿದೇಶಾಂಗ ವ್ಯವಹಾರ ನನ್ನ ಕೈಗೆ ಸಿಗದೆ ಉಳಿಯಿತು.

ತೊಂಬತ್ತರ ದಶಕದ ಕೊನೆಯಲ್ಲಿ ಚಾಚಿ ತೀರಿಕೊಂಡಳು. ಎರಡು ದಿನದ ಜ್ವರ, ಅಷ್ಟೇ. ಆ ಸ್ಟೀಲ್ ಡಬ್ಬಿ ಆಗ ಕೆಳಗಿನ ಮ‌ನೆಯಲ್ಲಿತ್ತು. ಮೂರನೆಯ ದಿನ ಬಾಯಿ ಆ ಮೆಟ್ಟಿಲುಗಳನ್ನು ಹತ್ತಿ ಬಂದಳು. ಎಪ್ಪತ್ತು ದಾಟಿದ್ದಳು, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಡಬ್ಬಿ. ಹಿಡಿಯಲು ಬಂದ ಪೆದ್ರುವನ್ನು ದೂರ ಸರಿಸಿದ್ದಳು. ಡಬ್ಬಿಯಲ್ಲಿ ಆ ವರ್ಷದ ಮಿಸ್ಕುಟ ಇತ್ತು. ಚಾಚಿಯ ಹೊಸ್ತಿಲ ಮುಂದೆ ಸ್ವಲ್ಪ ಹೊತ್ತು ನಿಂತು, ಸುತ್ತ ನೋಡಿ, ಅದನ್ನು ತಂದು ನನ್ನ ಕೈಗೆ ಕೊಟ್ಟಳು. “ಆತಾಂ ತುಂ” ಎಂದಳು. ಇನ್ನು ನೀನು ಎಂದರ್ಥ. ಅಷ್ಟು ವರ್ಷಗಳ ನಂತರ ಅವಳು ನನ್ನನ್ನು ನಂಬಿದ್ದಳು. ನಾನು ಅಳು ತಡೆಯಲಿಲ್ಲ, ತಡೆಯಬೇಕೆಂದೂ ಅನಿಸಲಿಲ್ಲ.

ತುಂಬಿಸಿ ಕೊಡಬೇಕೆಂದು ನಾನು ಒಳ್ಳೆಯ ದಿನಕ್ಕೆ, ಒಳ್ಳೆಯ ತಿನಿಸಿಗೆ ಕಾದೆ. ಮಳೆಗಾಲ ಮುಗಿಯುವ ಮೊದಲೇ ಬಾಯಿಯೂ ಹೋದಳು. ಡಬ್ಬಿ ನನ್ನ ಬಳಿಯೇ ಉಳಿಯಿತು. ಮನೆ ಬದಲಾಯಿಸುವಾಗ ಹೆಂಡತಿ ಅದನ್ನು ಮಾಮಾನ ಲಾಠಿಯ ಜೊತೆ ಅಟ್ಟಕ್ಕೆ ಹಾಕಿದಳು.

ಆ ಭಾನುವಾರ ತಲೆಗೆ ಐಸು ಒತ್ತಿಕೊಂಡು ಕೂತವನು ಎದ್ದು, ಲಾಠಿಯನ್ನು ಮೊದಲಿದ್ದಲ್ಲೇ ತಳ್ಳಿದೆ. ಹೆಂಡತಿಗೆ ಗೋಧಿ ಹುಗ್ಗಿ ಮಾಡೆಂದೆ. ಪೆಟ್ಟು ಜೋರಾಗಿಯೇ ಬಿದ್ದಿದೆ ಎಂದುಕೊಂಡು ಅವಳು ಮಾತಾಡದೆ ಮಾಡಿದಳು. ಸಂಜೆ ಡಬ್ಬಿ ಹಿಡಿದು ಕೆಳಗಿಳಿದು ಕಾಮತರ ಗಂಟೆ ಒತ್ತಿದೆ. ಕಾಮತರ ಹೆಂಡತಿ ಬಾಗಿಲು ತೆರೆದರು. ಅವರ ಕಾಲು ಒಂದು ವಾರದಿಂದ ಊದಿಕೊಂಡಿರುವುದನ್ನು ನಾನು ಎಂಟು ದಿನ ಮುಖ ತಿರುಗಿಸಿದ್ದರಿಂದ ನೋಡಿಯೇ ಇರಲಿಲ್ಲ. ಮೊಣಕಾಲು ಹೇಗಿದೆ ಎಂದು ಕೇಳಿದೆ. ಮುಕ್ಕಾಲು ಗಂಟೆ ಹೇಳಿದರು. ಕಾಮತರು ಒಳಗೆ ಪೇಪರಿನ ಹಿಂದೆ ಕೂತಿದ್ದರು. ಮುಕ್ಕಾಲು ಗಂಟೆಯಲ್ಲಿ ಒಂದು ಪುಟವನ್ನೂ ತಿರುವಲಿಲ್ಲ.

ಡಬ್ಬಿ ಮೂರು ದಿನ ಬರಲಿಲ್ಲ. ಆ ಮೂರು ದಿನ ನಾನು ಎಷ್ಟು ಸಲ ಬಾಗಿಲಿಗೆ ಕಿವಿಗೊಟ್ಟೆನೆಂದು ಹೆಂಡತಿಯನ್ನು ಕೇಳಿ. ನಿನ್ನೆ ಸಂಜೆ ಬಾಗಿಲ ಗಂಟೆ ಸದ್ದಾಯಿತು. ಕಾಮತರೇ ನಿಂತಿದ್ದರು, ಎರಡೂ ಕೈಯಲ್ಲಿ ಡಬ್ಬಿ ಹಿಡಿದು. ತೆಗೆದುಕೊಂಡೆ. ಮುಚ್ಚಳ ತೆಗೆಯಬೇಕಾಗಿರಲಿಲ್ಲ, ಭಾರ ಕೈಗೆ ತಿಳಿಯಿತು. ಕಾಮತರು ಹೋಗಲಿಲ್ಲ. ನನ್ನ ಹಣೆಯ ಮೇಲ್ಭಾಗವನ್ನು ಕಣ್ಣು ಕಿರಿದು ಮಾಡಿ ನೋಡಿದರು.

“ತಲೆಯ ಬುಗುಟು ಈಗ ಹೇಗಿದೆ?” ಎಂದರು.

ಒಳಗೆ ಕರೆದು ಕುರ್ಚಿ ಎಳೆದು, ಬುಗುಟಿನ ಕಥೆಯನ್ನು ಮೊದಲಿನಿಂದ ಹೇಳತೊಡಗಿದೆ. ಬೀಗದ ಮಾತು ಇನ್ನೂ ಯಾರೂ ಎತ್ತಿಲ್ಲ. ಅವಸರವೂ ಇಲ್ಲ.